ಸಭೆ ಕುಗ್ಗಿದಾಗ ಪಾಸ್ಟರ್ ಕುಗ್ಗಬೇಕಿಲ್ಲ

ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಸಭೆ ನಡೆಸುವವರಿಗೆ ಬೇರೆಡೆ ಇಲ್ಲದ ಒಂದು ಕಷ್ಟವಿದೆ. ಮೈತ್ರಿವನಂ ಸುತ್ತಲಿನ ಕೋಚಿಂಗ್ ಸೆಂಟರ್‌ಗಳಿಗೆಂದು ಬೀದರ್, ರಾಯಚೂರು ಕಡೆಯಿಂದಲೂ ಹುಡುಗರು ಬಂದು ಹಾಸ್ಟೆಲ್ ಸೇರುತ್ತಾರೆ. ಭಾನುವಾರ ಆರಾಧನೆಗೆ ಬರುತ್ತಾರೆ, ಹಾಡುತ್ತಾರೆ, ಕುರ್ಚಿ ಜೋಡಿಸುತ್ತಾರೆ. ಕೋರ್ಸ್ ಮುಗಿದು ಕೆಲಸ ಸಿಕ್ಕರೆ ಗಚ್ಚಿಬೌಲಿಗೋ ಬೆಂಗಳೂರಿಗೋ ಹೊರಟರು. ಇತ್ತ ಪಾಸ್ಟರ್, ತನ್ನ ಪ್ರಸಂಗದಲ್ಲೇ ಸತ್ವವಿಲ್ಲ ಎಂದು ಒಳಗೊಳಗೇ ಕೊರಗುತ್ತಾರೆ.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬರುವುದು ನಿಲ್ಲಿಸಿದವರ ಹೆಸರು ಬರೆದು, ಎದುರಿಗೆ ಕಾರಣ ಬರೆಯಿರಿ: ಊರು ಬಿಟ್ಟರೇ, ಮನಸ್ತಾಪವೇ, ಗೊತ್ತಿಲ್ಲವೇ? ಊರು ಬಿಟ್ಟವರನ್ನು ನಿಮ್ಮ ಸೋಲಿನ ಲೆಕ್ಕಕ್ಕೆ ಸೇರಿಸಬೇಡಿ. ಅವರು ಹೋದ ಕಡೆ ಒಂದು ಸಭೆಯ ವಿಳಾಸ ಕೊಟ್ಟು, ಪ್ರಾರ್ಥಿಸಿ ಕಳಿಸಿಕೊಡಿ, ಅದೂ ಸೇವೆಯೇ. ಕಾರಣ ಗೊತ್ತಿಲ್ಲದವರಿಗೆ ಈ ವಾರವೇ ಫೋನ್ ಮಾಡಿ.

ಮನಸ್ತಾಪದ ವಿಷಯ ಕಠಿಣ. ಮತ್ತಾಯ 18ರಲ್ಲಿ ಹೇಳಿರುವ ಕ್ರಮ ಸ್ಪಷ್ಟವಾಗಿದೆ: ಮೊದಲು ಒಬ್ಬರೇ ಹೋಗಿ ಮಾತಾಡಬೇಕು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಸಭೆಯ ಮುಂದೆ ಇಡುವುದು ಕೊನೆಗೆ. ನಾವು ಇದನ್ನು ತಿರುಗುಮುರುಗು ಮಾಡಿ, ವೇದಿಕೆಯಿಂದಲೇ ಚುಚ್ಚಿ ಮಾತಾಡುತ್ತೇವೆ. ವಾಟ್ಸಾಪ್ ಗುಂಪಿನಲ್ಲಿ ಬಂದ ಆರೋಪಕ್ಕೆ ಅಲ್ಲೇ ಉತ್ತರಿಸಲೇಬೇಡಿ. ಆರೋಪ ಮಾಡಿದವರ ಮನೆಗೆ ಹೋಗಿ, ಕುಳಿತು, ಅವರ ಮಾತು ಮುಗಿಯುವವರೆಗೆ ಕೇಳಿ.

ಎಷ್ಟೋ ಜಗಳಗಳ ಬೇರು ಕಾಣಿಕೆ ಹಣದಲ್ಲಿರುತ್ತದೆ. ಆರಾಧನೆ ಮುಗಿದ ತಕ್ಷಣ ಇಬ್ಬರು ಹಿರಿಯರು ಎಣಿಸಿ ಸಹಿ ಹಾಕಲಿ, ಬ್ಯಾಂಕ್ ಖಾತೆಗೆ ಜಂಟಿ ಸಹಿ ಇರಲಿ, ತಿಂಗಳ ಲೆಕ್ಕ ಸಭೆಯಲ್ಲಿ ಓದಲಿ. ಎಫ್‌ಸಿಆರ್‌ಎ ಅನುಮತಿಯಿಲ್ಲದೆ ವಿದೇಶಿ ದೇಣಿಗೆ ಮುಟ್ಟಬೇಡಿ. ಹಾಗೆಯೇ ಪಾಸ್ಟರಮ್ಮ, ಮಕ್ಕಳ ಭದ್ರತೆಯನ್ನೂ ಯೋಚಿಸಿ: 18ರಿಂದ 50 ವರ್ಷದೊಳಗಿನವರಿಗೆ ಬ್ಯಾಂಕಿನಲ್ಲೇ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ ಸಿಗುತ್ತದೆ. ವರ್ಷಕ್ಕೆ 436 ರೂಪಾಯಿ ಕಟ್ಟಿದರೆ 2 ಲಕ್ಷದ ರಕ್ಷಣೆ.

ಇನ್ನು ನಿಮ್ಮ ದೇಹ. ಸಾವು ಬಂದರೆ ಸಾಕು ಎಂದು ಗಿಡದ ಕೆಳಗೆ ಮಲಗಿದ ಎಲೀಯನನ್ನು ದೇವದೂತ ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಇನ್ನೊಮ್ಮೆ ಎಬ್ಬಿಸಿ ಉಣ್ಣಿಸಿದ (1 ಅರಸುಗಳು 19). ದೇವರು ಮಾತಾಡಿದ್ದು ಆಮೇಲೆ. ಉಪವಾಸ ಪ್ರಾರ್ಥನೆ, ರಾತ್ರಿ ಪ್ರಾರ್ಥನೆ ಎಂದು ನಿದ್ದೆಗೆಟ್ಟಿರುವವರು ಈ ಅಧ್ಯಾಯವನ್ನು ತಮಗೋಸ್ಕರ ಓದಬೇಕು. ಸೋಮವಾರ ರಜೆ ಎಂದು ಸಭೆಗೆ ಹೇಳಿಬಿಡಿ. ಮನೆ ಭೇಟಿ, ಆಸ್ಪತ್ರೆ ಭೇಟಿಗಳನ್ನು ಹಿರಿಯರಿಗೆ ಹಂಚಿ. ಮೋಶೆಗೆ ಅವನ ಮಾವ ಕೊಟ್ಟ ಬುದ್ಧಿಯೂ ಅದೇ.

ತಿಂಗಳಿಗೊಮ್ಮೆಯಾದರೂ ಬೇರೆ ಸಭೆಯ ಒಬ್ಬ ಪಾಸ್ಟರ್ ಜೊತೆ ಕುಳಿತು ಮನಸ್ಸು ಬಿಚ್ಚಿ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಅಥವಾ ಬದುಕೇ ಬೇಡ ಎನಿಸಿದರೆ ಕಾಯದೆ ಅಂದೇ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ವೈದ್ಯರು ಬರೆದುಕೊಟ್ಟ ಮಾತ್ರೆ ನುಂಗುವುದು ನಂಬಿಕೆಯ ಕೊರತೆ ಅಲ್ಲವೇ ಅಲ್ಲ.

ಸಭೆಯವರಲ್ಲಿ ಒಂದು ಮನವಿ. ನಿಮ್ಮ ಪಾಸ್ಟರಿಗೆ ಬಾಡಿಗೆ ಕಟ್ಟಲು ಸಾಲುತ್ತದೆಯೇ ಎಂದು ಈ ಭಾನುವಾರ ಹಿರಿಯರನ್ನು ಕೇಳಿ.