ಹಳೆಯ ಬೈಕು, ಕಂತಿಲ್ಲದ ಸಂಬಳ

ಮೊದಲ ಸಂಬಳ ಕೈಸೇರಿದೊಡನೆ ಸಾಲ ಮಾಡಿ ಹೊಸ ಬೈಕು ಕೊಳ್ಳಬೇಕೋ, ಕೈಯಲ್ಲಿರುವ ಹಣಕ್ಕೆ ಹಳೆಯದನ್ನು ಕೊಳ್ಳಬೇಕೋ ಎಂಬ ಓದುಗರ ಪ್ರಶ್ನೆಗೆ ಉತ್ತರ, ಕಚೇರಿಗೆ ಹೋಗಿಬರುವುದಷ್ಟೇ ಬಳಕೆಯಾಗಿರುವವರ ಮಟ್ಟಿಗೆ, ನಿಸ್ಸಂದೇಹವಾಗಿ ಹಳೆಯದರ ಪರವಾಗಿದೆ. ಬಳಕೆಯಿಂದಲೂ ಕಾಲ ಸರಿದಂತೆಯೂ ವಾಹನ ಕಳೆದುಕೊಳ್ಳುವ ಬೆಲೆಯನ್ನು ಸವಕಳಿ ಎನ್ನುತ್ತಾರೆ. ಅದು ಆರಂಭದ ವರ್ಷಗಳಲ್ಲೇ ಹೆಚ್ಚಾಗಿರುವುದರಿಂದ ಆ ನಷ್ಟವನ್ನು ಮೊದಲ ಮಾಲೀಕರು ಹೊತ್ತಿರುತ್ತಾರೆ, ಕರ್ನಾಟಕದಲ್ಲಿ ನೋಂದಣಿಯಾದ ಬೈಕಾದರೆ ಆಜೀವ ತೆರಿಗೆಯನ್ನೂ ಅವರೇ ಕಟ್ಟಿರುತ್ತಾರೆ. ತಿಂಗಳಿಗೆ 3,500 ರೂಪಾಯಿಯ ಕಂತೆಂದರೆ ಮೂರು ವರ್ಷಕ್ಕೆ 1,26,000 ರೂಪಾಯಿ. ಹಳೆಯ ಬೈಕಿನ ಬೆಲೆ ಮತ್ತು ರಿಪೇರಿ ಕಳೆದು ಉಳಿಯುವ ಹಣ, ಕೆಲಸ ಹೋದಾಗಲೋ ಮನೆಯಲ್ಲಿ ಕಾಯಿಲೆ ಬಂದಾಗಲೋ ಕೈಹಿಡಿಯುವ ಆಪದ್ಧನವಾಗುತ್ತದೆ.

ಆದರೆ ಪರೀಕ್ಷಿಸದೆ ಕೊಂಡ ಅಗ್ಗದ ಬೈಕು ದುಬಾರಿಯೇ. ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿಸಿ ನೋಡಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದೂ, ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ ಬದಲಿಸಬೇಕೆಂದೂ ತಿಳಿಯಬೇಕು. ಚಾಸಿಸ್ ಸಂಖ್ಯೆ ಆರ್‌ಸಿ ಜೊತೆ ತಾಳೆಯಾಗದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗುವುದೇ ಸರಿ. ನೋಂದಣಿಯ 15 ವರ್ಷಗಳ ಅವಧಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನೂ, ಬ್ಯಾಂಕ್ ಸಾಲ ತೀರಿದೆಯೇ ಎಂಬುದನ್ನೂ ನೋಡಿಕೊಂಡು, ಮಾಲೀಕತ್ವದ ವರ್ಗಾವಣೆಗೆ ಬೇಕಾದ ನಮೂನೆ 29 ಮತ್ತು 30ಕ್ಕೆ ಮಾರುವವರ ಸಹಿ ಪಡೆದ ಮೇಲೆಯೇ ಪೂರ್ತಿ ಹಣ ಕೊಡಬೇಕು. ವಿಮೆಯನ್ನು ಹೊಸ ಮಾಲೀಕರ ಹೆಸರಿಗೆ ಬದಲಿಸಲು ವರ್ಗಾವಣೆಯಾದ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು.