ಬಾಣಂತಿಯ ನಿದ್ರೆ: ಮನೆಯವರ ಹೊಣೆ

ಮಹಿಳಾ ಸಂಘಗಳಲ್ಲಿ ಒಬ್ಬರು ಓದಿ ಉಳಿದವರು ಕೇಳುವುದಕ್ಕಾಗಿ ಬರೆದ ಪಾಠ

ಊರಿನಲ್ಲಿ ಯಾರದಾದರೂ ಮನೆಯಲ್ಲಿ ಕೂಸು ಹುಟ್ಟಿದ ಸುದ್ದಿ ಬಂದೊಡನೆ ನೀವು ಮೊದಲು ಏನು ಕೇಳುತ್ತೀರಿ? ಗಂಡೋ ಹೆಣ್ಣೋ ಎಂದು. ಆಮೇಲೆ, ಕೂಸು ಎಷ್ಟು ತೂಕವಿದೆ ಎಂದು. ಅದರ ತರುವಾಯ, ಹೆರಿಗೆ ಸುಸೂತ್ರವಾಯಿತೋ ಶಸ್ತ್ರಕ್ರಿಯೆ ಮಾಡಬೇಕಾಯಿತೋ ಎಂದು. ಬಾಣಂತಿ ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ರೆ ಮಾಡಿದಳು ಎಂದು ಕೇಳಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಈ ಪಾಠ ಆ ಪ್ರಶ್ನೆಯನ್ನು ಕುರಿತದ್ದು.

ಹಿಂದೆ ಹೆರಿಗೆಯೂ ಮನೆಯಲ್ಲೇ, ಆರೈಕೆಯೂ ಮನೆಯಲ್ಲೇ. ಹೆರಿಗೆ ಮಾಡಿಸಿದ ಸೂಲಗಿತ್ತಿಯೇ ಮುಂದೆ ಹಲವು ದಿನ ಬಂದು, ತಾಯಿಗೂ ಕೂಸಿಗೂ ಎಣ್ಣೆ ತಿಕ್ಕಿ, ನೀರು ಹಾಕಿ, ಹೊದಿಸಿ ಮಲಗಿಸಿ ಹೋಗುತ್ತಿದ್ದಳು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ನೀವು ಕೇಳಿರಬಹುದು. ೧೫,೦೦೦ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದ ಆ ತಾಯಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಎಲ್ಲ ಊರುಗಳಿಗೂ ಅಂಥವರು ಇರಲಿಲ್ಲ. ಹಳೆಯ ಕಾಲದಲ್ಲಿ ಹೆರಿಗೆಯ ಕೋಣೆಯಲ್ಲಿಯೇ ಜೀವ ಬಿಟ್ಟ ತಾಯಂದಿರು ಎಷ್ಟೋ ಮಂದಿ. ಆದುದರಿಂದ ಹೆರಿಗೆ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಸಹಜವಾಗಿ ಹೆತ್ತವಳನ್ನು ಸಾಮಾನ್ಯವಾಗಿ ೪೮ ಗಂಟೆಗಳ ಮೇಲೆ ಮನೆಗೆ ಕಳುಹಿಸುತ್ತಾರೆ. ಹಾಲು ತುಂಬಿ ಎದೆ ಬಿಗಿಯುವುದು, ಕೂಸು ರಾತ್ರಿಯೆಲ್ಲ ಎದ್ದಿರುವುದು, ತಾಯಿಗೆ ಕಾರಣವಿಲ್ಲದೆ ಕಣ್ಣೀರು ಬರುವುದು, ಎಲ್ಲವೂ ತೊಡಗುವುದು ಹೆಚ್ಚುಕಡಿಮೆ ಆ ಮೂರನೆಯ ದಿನದಿಂದಲೇ. ಆಗ ಮನೆಯಲ್ಲಿ ನರ್ಸಮ್ಮನೂ ಇಲ್ಲ, ಸೂಲಗಿತ್ತಿಯೂ ಇಲ್ಲ.

ಕೂಸು ರಾತ್ರಿ ಏಕೆ ಮಲಗುವುದಿಲ್ಲ ಎಂಬುದನ್ನು ಮೊದಲು ತಿಳಿಯೋಣ. ಹೊಸದಾಗಿ ಹುಟ್ಟಿದ ಕೂಸು ದಿನಕ್ಕೆ ೧೪ರಿಂದ ೧೭ ಗಂಟೆಗಳ ಕಾಲ ಮಲಗುತ್ತದೆ. ಅದು ಸಾಕಷ್ಟು ನಿದ್ರೆಯೇ. ಆದರೆ ಆ ನಿದ್ರೆ ತುಂಡು ತುಂಡಾದದ್ದು. ಅದರ ಹೊಟ್ಟೆ ಚಿಕ್ಕದು, ತಾಯಿಯ ಹಾಲು ಬೇಗ ಅರಗುತ್ತದೆ. ಹಗಲು ರಾತ್ರಿ ಸೇರಿ ೮ರಿಂದ ೧೨ ಸಲ ಅದು ಮೊಲೆ ಕೇಳುತ್ತದೆ. ಗರ್ಭದಲ್ಲಿ ಕತ್ತಲೆಯೊಂದನ್ನೇ ಕಂಡ ಕೂಸಿಗೆ ಹಗಲು ಯಾವುದು, ರಾತ್ರಿ ಯಾವುದು ಎಂಬ ಅರಿವು ಬರಲು ಎರಡು ಮೂರು ತಿಂಗಳು ಬೇಕು. ಹಗಲಿನಲ್ಲಿ ಕೂಸನ್ನು ಬೆಳಕಿರುವ ಕಡೆ, ಮನೆಯ ಮಾತುಕತೆಯ ನಡುವೆ ಇಡಿರಿ. ರಾತ್ರಿ ದೀಪ ಸಣ್ಣದು ಮಾಡಿ, ಮಾತಿಲ್ಲದೆ ಹಾಲೂಡಿಸಿ ಮಲಗಿಸಿರಿ. ಇಷ್ಟರಿಂದ ಅದು ಬೇಗ ದಾರಿಗೆ ಬರುತ್ತದೆ. ರಾತ್ರಿಯ ಹಾಲನ್ನು ಮಾತ್ರ ತಪ್ಪಿಸಬಾರದು. ಹಾಲು ಊರಲು ರಾತ್ರಿ ಕುಡಿಸುವುದೇ ದೊಡ್ಡ ಸಹಾಯ.

ಸಂಜೆಯ ಹೊತ್ತಿಗೆ ಕೂಸು ಬಿಡದೆ ಅಳುವುದುಂಟು. ಈ ಅಳು ಆರು ವಾರಗಳ ಹೊತ್ತಿಗೆ ಅತಿಯಾಗಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆಗ ಮನೆಯಲ್ಲಿ ಯಾರೋ ಒಬ್ಬರು “ಇವಳಿಗೆ ಹಾಲು ಸಾಲದು” ಎಂದುಬಿಡುತ್ತಾರೆ. ಮೊದಲ ವಾರ ಕಳೆದ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ತಿಳಿಯಬೇಕು. ಆ ಮಾತು ಕೇಳಿದ ಬಾಣಂತಿ ಕೂಸು ಮಲಗಿದಾಗಲೂ ಕಣ್ಣು ಮುಚ್ಚಲಾರಳು. ಬಜೆ, ಸುತ್ತುಖಾರ, ಸಕ್ಕರೆ ನೀರು, ಇವು ಯಾವುವೂ ಆರು ತಿಂಗಳ ತನಕ ಕೂಸಿಗೆ ಬೇಡ; ಜೇನಂತೂ ಒಂದು ವರ್ಷ ತುಂಬುವ ತನಕ ಬೇಡ. ನಿದ್ರೆ ಬರಿಸುವ ಮದ್ದನ್ನಂತೂ ಯಾರು ಕೊಟ್ಟರೂ ಹಾಕಬಾರದು.

ಈಗ ರಾತ್ರಿಯ ಕೆಲಸದ ಲೆಕ್ಕ ಹಾಕೋಣ. ಕೂಸು ಎದ್ದಾಗ ಆಗಬೇಕಾದದ್ದು ಏನೇನು? ಎತ್ತಿಕೊಳ್ಳುವುದು, ಒದ್ದೆ ಬಟ್ಟೆ ಬದಲಿಸುವುದು, ಹಾಲೂಡಿಸುವುದು, ಹೆಗಲಿಗೆ ಹಾಕಿ ತೇಗು ಬರಿಸುವುದು, ಮಲಗುವ ತನಕ ತಟ್ಟುವುದು. ಇದರಲ್ಲಿ ತಾಯಿಯೇ ಮಾಡಬೇಕಾದ ಕೆಲಸ ಒಂದೇ. ಉಳಿದ ನಾಲ್ಕನ್ನು ಎರಡು ಕೈ ಇದ್ದವರು ಯಾರಾದರೂ ಮಾಡಬಹುದು. ಒಂದು ಸಲಕ್ಕೆ ಮುಕ್ಕಾಲು ಗಂಟೆ ಹಿಡಿಯುವ ಕೆಲಸದಲ್ಲಿ ತಾಯಿಯ ಪಾಲು ಇಪ್ಪತ್ತು ನಿಮಿಷಕ್ಕೆ ಇಳಿದರೆ, ನಾಲ್ಕು ಸಲಕ್ಕೆ ಒಂದೂವರೆ ಗಂಟೆಗೂ ಹೆಚ್ಚು ನಿದ್ರೆ ಅವಳಿಗೆ ಉಳಿಯಿತು.

ಹೀಗೆ ಮಾಡಿ ನೋಡಿರಿ. ರಾತ್ರಿ ಎಂಟೂವರೆಗೆ ಹಾಲೂಡಿಸಿದೊಡನೆ ಬಾಣಂತಿ ಮಲಗಿಬಿಡಲಿ. ಹನ್ನೊಂದರ ತನಕ ಕೂಸು ಅಜ್ಜಿಯ ಹತ್ತಿರ ಇರಲಿ. ಹಸಿದರೆ ಮಾತ್ರ ಎಬ್ಬಿಸಲಿ. ನಡುರಾತ್ರಿಯ ಸರದಿ ಗಂಡನದು. ಬಟ್ಟೆ ಬದಲಿಸಿ, ಕೂಸನ್ನು ತಾಯಿಯ ಪಕ್ಕಕ್ಕೆ ತಂದುಕೊಟ್ಟು, ಕುಡಿದ ಮೇಲೆ ಅವನೇ ತೇಗಿಸಿ ಮಲಗಿಸಬೇಕು. ಬೆಳಗಿನ ಜಾವ ನಾಲ್ಕೈದಕ್ಕೆ ಹಿರಿಯರಿಗೆ ಹೇಗೂ ಎಚ್ಚರವಾಗುತ್ತದೆ. ಆಗ ಕುಡಿದ ಕೂಸನ್ನು ಅವರು ಎತ್ತಿಕೊಂಡರೆ ತಾಯಿ ಏಳರ ತನಕ ಮಲಗಬಹುದು. ಒಂದೇ ಹಿಡಿತದಲ್ಲಿ ಎರಡೂವರೆ ಮೂರು ಗಂಟೆಗಳ ನಿದ್ರೆ ದಿನಕ್ಕೆ ಎರಡು ಸಲ ಸಿಕ್ಕಿದರೆ ಬಾಣಂತಿಯ ಮುಖವೇ ಬೇರೆಯಾಗುತ್ತದೆ. ಕೆಲವು ಮನೆಗಳಲ್ಲಿ ಬಾಣಂತಿ ಹಗಲು ಮಲಗಬಾರದು ಎನ್ನುತ್ತಾರೆ. ರಾತ್ರಿಯೆಲ್ಲ ಎದ್ದವಳು ಹಗಲಿನಲ್ಲದೆ ಮತ್ತೆ ಯಾವಾಗ ಮಲಗಬೇಕು? ಎಣ್ಣೆ ನೀರಾದ ಮೇಲೆ ಹೊದಿಸಿ ಮಲಗಿಸುವ ನಮ್ಮ ಹಿರಿಯರ ಪದ್ಧತಿ ಬಹಳ ಒಳ್ಳೆಯದು, ಅದನ್ನು ಉಳಿಸಿಕೊಳ್ಳಿರಿ. ನೀರು ಕುಡಿಯಲು ಕೊಡದಿರುವ ಪದ್ಧತಿಯನ್ನು ಬಿಡಿರಿ.

ಗಂಡಸರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಹನ್ನೊಂದು ದಿನದ ಪುರುಡಿನ ಹೆಸರಿನಲ್ಲಿ ಬಾಣಂತಿಯ ಕೋಣೆಯ ಕಡೆ ಸುಳಿಯದಿರುವುದು ಹಲವರಿಗೆ ಅನುಕೂಲವೇ ಆಗಿದೆ. ಬಂದುಹೋಗುವವರ ಕಾಟ ತಪ್ಪಿಸಲು ಆ ಕಟ್ಟು ಸಹಾಯಮಾಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕೈ ತೊಳೆದು ಕೂಸನ್ನು ಎತ್ತಿಕೊಂಡ ತಂದೆಯಿಂದ ಯಾವ ಮೈಲಿಗೆಯೂ ಆಗದು.

ಮೊದಲ ಹೆರಿಗೆಗೆ ತವರು ಇದೆ. ಎರಡನೆಯದಕ್ಕೆ? ನನ್ನ ಎರಡನೆಯ ಬಾಣಂತನ ಗಂಡನ ಮನೆಯಲ್ಲೇ ಆಯಿತು. ದೊಡ್ಡವನಿಗೆ ಮೂರು ವರ್ಷ, ಅತ್ತೆಯವರಿಗೆ ಕಣ್ಣು ಮಸುಕು, ಮನೆಯವರಿಗೆ ಕಬ್ಬು ಅರೆಯುವ ಸುಗ್ಗಿಯ ರಾತ್ರಿ ಪಾಳಿ. “ಮೊದಲ ಸಲವೇನಲ್ಲವಲ್ಲ, ಇವಳಿಗೆ ಎಲ್ಲ ಗೊತ್ತು” ಎಂದರು. ನಾನೂ ಹಾಗೆಯೇ ಎಂದುಕೊಂಡೆ. ಹತ್ತೊಂಬತ್ತನೆಯ ರಾತ್ರಿ ಗೋಡೆಗೆ ಒರಗಿ ಹಾಲೂಡಿಸುತ್ತಾ ಕುಳಿತವಳಿಗೆ ಹಾಗೆಯೇ ನಿದ್ರೆ ಹತ್ತಿತು. ಅಡಿಗೆಮನೆಯಲ್ಲಿ ಬೆಕ್ಕು ಪಾತ್ರೆ ಬೀಳಿಸಿದ ಸದ್ದಿಗೆ ಎಚ್ಚರವಾದಾಗ ಕೂಸು ಮಡಿಲಿಂದ ಜಾರಿ, ಮುಖ ಕಂಬಳಿಯಲ್ಲಿ ಹೂತುಹೋಗಿತ್ತು. ಎತ್ತಿದೊಡನೆ ಅತ್ತಿತು. ಆ ಅಳು ಕೇಳಿ ನಾನೂ ಅತ್ತೆ. ಬೆಳಗ್ಗೆ ಪಕ್ಕದ ಮನೆಯಾಕೆಗೆ ಹೇಳಿದೆ. ಅತ್ತೆಗೆ ಹೇಳಲು ನಾಚಿಕೆ. ಆಕೆ ಏನೂ ಉಪದೇಶ ಮಾಡಲಿಲ್ಲ. ದೊಡ್ಡವನನ್ನು ಹಗಲೆಲ್ಲ ತನ್ನ ಮನೆಗೆ ಕರೆದೊಯ್ದಳು. ಎರಡು ವಾರ ದಿನವೂ ನಾಲ್ಕು ಗಂಟೆಗೆ ಬಾಗಿಲು ತಟ್ಟಿ, ಕೂಸನ್ನು ಎತ್ತಿಕೊಂಡು, ನನ್ನನ್ನು ಮಲಗಿಸಿದಳು. ಆ ಕೂಸು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ.

ಆದಕಾರಣ ಕುಳಿತು ಹಾಲೂಡಿಸುವಾಗ ತೂಕಡಿಕೆ ಬಂದರೆ ಪಕ್ಕದಲ್ಲಿ ಒಬ್ಬರು ಎಚ್ಚರವಿರಬೇಕು. ಕೂಸನ್ನು ಯಾವಾಗಲೂ ಅಂಗಾತ ಮಲಗಿಸಿರಿ. ಕೆಳಗೆ ಚಾಪೆಯ ಮೇಲೆ ಮಡಿಸಿದ ಬಟ್ಟೆಯಂಥ ಗಟ್ಟಿ ಹಾಸಿಗೆ ಇರಲಿ. ಮೆತ್ತನೆ ದಿಂಬು, ತಲೆ ಗುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಮುಖಕ್ಕೆ ಬರುವ ದಪ್ಪ ಹೊದಿಕೆ ಬೇಡ. ಕುಡಿದು ಬಂದವರು, ಬೀಡಿ ಸೇದುವವರು ಕೂಸಿನ ಮಗ್ಗುಲಲ್ಲಿ ಮಲಗಬಾರದು. ಇನ್ನು ಕೆಂಡದ ಅಗ್ಗಿಷ್ಟಿಕೆಯ ವಿಷಯ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಾಸನೆಯೂ ಬಣ್ಣವೂ ಇಲ್ಲದ ವಿಷದ ಅನಿಲ ಏಳುತ್ತದೆ. ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ. ಬೆಚ್ಚಗಿರಲು ಕುಲಾವಿ, ಬಟ್ಟೆ, ಎಲ್ಲಕ್ಕಿಂತ ಮಿಗಿಲಾಗಿ ಎಚ್ಚರವಿರುವ ತಾಯಿಯ ಎದೆಯ ಶಾಖ ಸಾಕು. ಸಾಂಬ್ರಾಣಿ ಹೊಗೆಯೂ ಕೂಸಿನ ಎದೆಗೆ ಹಿತವಲ್ಲ.

ಮನೆಗೇ ಬಂದು ಸಹಾಯ ಮಾಡುವವರು ಯಾರು? ಕೂಲಿ ಕೊಟ್ಟು ನೀರು ಹಾಕುವಾಕೆಯನ್ನು ಕರೆಸುವವರು ಕರೆಸಲಿ. ಆಕೆ ಮೊದಲು ಸೋಪಿನಿಂದ ಕೈ ತೊಳೆಯಬೇಕು, ಕೂಸಿನ ಕಿವಿ ಮೂಗಿಗೆ ಎಣ್ಣೆ ಬಿಡಬಾರದು, ಕಾಲು ಹಿಡಿದು ತಲೆಕೆಳಗಾಗಿ ಎತ್ತಬಾರದು. ಅಷ್ಟನ್ನು ಮೊದಲೇ ಹೇಳಿರಿ. ಕೂಲಿ ಕೊಡಲಾರದವರಿಗೂ ಸರ್ಕಾರದ ಏರ್ಪಾಡಿನಿಂದ ಮನೆಗೆ ಬರುವವಳು ಆಶಾ ಕಾರ್ಯಕರ್ತೆ.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾಕ್ಟರ್ ಅಭಯ್ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು ೧೯೯೦ರ ದಶಕದಲ್ಲಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಬಾಣಂತಿಯರ ಮನೆ ಮನೆಗೆ ಕಳುಹಿಸಿದರು. ೩೯ ಹಳ್ಳಿಗಳಲ್ಲಿ ಮೂರು ವರ್ಷಗಳೊಳಗೆ ಹಸುಗೂಸುಗಳ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಆ ಅನುಭವದ ಆಧಾರದ ಮೇಲೆಯೇ ೨೦೧೧ರಲ್ಲಿ ದೇಶಕ್ಕೆಲ್ಲ ಮನೆಯಲ್ಲಿ ನವಜಾತ ಶಿಶು ಆರೈಕೆಯ ಕಾರ್ಯಕ್ರಮ ಬಂದಿತು. ಅದರಂತೆ ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನ, ಒಟ್ಟು ಆರು ಸಲ ಬರತಕ್ಕದ್ದು. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು ಸಲ. ಕೂಸಿನ ತೂಕ ನೋಡುವುದು, ಮೈಶಾಖ ನೋಡುವುದು, ಉಸಿರು ಎಣಿಸುವುದು, ಹಾಲು ಕುಡಿಯುವ ರೀತಿ ನೋಡುವುದು ಅವಳ ಕೆಲಸ. ಅವಳಿಗೆ ನೀವು ಹಣ ಕೊಡಬೇಕಾಗಿಲ್ಲ. ಒಂದು ಲೋಟ ನೀರು ಕೊಟ್ಟರೆ ಸಾಕು. ಜಾತಿ ಕೇಳಿ ಹೊಸಲಿನಲ್ಲೇ ನಿಲ್ಲಿಸುವ ಮನೆಗಳೂ, ದೃಷ್ಟಿಯಾದೀತೆಂದು ಕೂಸನ್ನು ತೋರಿಸದ ಮನೆಗಳೂ ಇವೆ. ಅಂತಹ ಮನೆಯವರು ತಮ್ಮ ಕೂಸಿನ ಪಾಲಿನದನ್ನು ತಾವೇ ಬಾಗಿಲಲ್ಲಿ ತಡೆಯುತ್ತಿದ್ದಾರೆ.

ಇದರಲ್ಲಿ ಒಂದು ತೊಡಕು ಆಗಾಗ ಆಗುತ್ತದೆ. ಹೆಸರು ನೋಂದಾಯಿಸಿದ್ದು ಗಂಡನ ಊರಿನಲ್ಲಿ, ಬಾಣಂತನ ತವರಿನಲ್ಲಿ. ಇಲ್ಲಿಯ ಆಶಾ ಅಲ್ಲಿಯವಳು ನೋಡುತ್ತಾಳೆಂದುಕೊಳ್ಳುತ್ತಾಳೆ, ಅಲ್ಲಿಯವಳಿಗೆ ಸುದ್ದಿಯೇ ಇರುವುದಿಲ್ಲ. ಹೀಗೆ ಆರು ಭೇಟಿಗಳಲ್ಲಿ ಒಂದೂ ಆಗದೆ ನಲವತ್ತೆರಡು ದಿನ ಕಳೆದುಹೋಗುತ್ತದೆ. ಏಳನೆಯ ತಿಂಗಳಿನಲ್ಲಿಯೇ, ಸೀಮಂತದ ಹೊತ್ತಿಗೆ, ಎರಡೂ ಊರುಗಳ ಆಶಾ ಕಾರ್ಯಕರ್ತೆಯರ ಫೋನ್ ನಂಬರನ್ನು ತಾಯಿ ಕಾರ್ಡಿನ ಮೇಲೆ ಬರೆದಿಡಿರಿ. ಆಸ್ಪತ್ರೆಯಿಂದ ಹೊರಡುವ ದಿನ ಇಬ್ಬರಿಗೂ ತಿಳಿಸಿರಿ. ಅವಳು ಬಂದಾಗ ತಾಯಿಯ ನಿದ್ರೆಯ ಮಾತನ್ನು ನೀವಾಗಿಯೇ ಎತ್ತಿರಿ. ಅತ್ತೆಯ ಮುಂದೆ ಸೊಸೆ ಹೇಳಲಾರದ್ದನ್ನು ಅವಳು ಹೇಳಬಲ್ಲಳು.

ನಿದ್ರೆ ಕಡಮೆಯಾದದ್ದರ ಮಾತು ಇಷ್ಟಾಯಿತು, ಹೆಚ್ಚಾದದ್ದೂ ಒಂದುಂಟು. “ನಮ್ಮ ಕೂಸು ಬಹಳ ಸಾಧು, ಎಬ್ಬಿಸಿದರೂ ಏಳುವುದಿಲ್ಲ” ಎಂದು ಹಿಗ್ಗುವವರನ್ನು ಕಂಡಿದ್ದೇನೆ. ಹಾಲಿಗೂ ಏಳದ, ಮೊಲೆ ಹಿಡಿಯದ, ಮೈ ತಣ್ಣಗಾದ ಅಥವಾ ಸುಡುವ, ನಿಮಿಷಕ್ಕೆ ೬೦ ಅಥವಾ ಅದಕ್ಕೆ ಮೇಲ್ಪಟ್ಟು ಉಸಿರೆಳೆಯುವ, ಅಂಗೈ ಅಂಗಾಲು ಹಳದಿಯಾದ ಕೂಸು ಸಾಧುವಲ್ಲ, ಕಾಯಿಲೆಯದು. ಬೆಳಗಾಗಲಿ ಎಂದು ಕಾಯದೆ ೧೦೮ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಬೇಕು. ತಾಯಿಗೆ ವಿಪರೀತ ರಕ್ತ ಹೋದರೆ, ಜ್ವರ ಬಂದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ, ಫಿಟ್ಸ್ ಬಂದರೂ ಹಾಗೆಯೇ.

ಹೆತ್ತ ಮೂರು ನಾಲ್ಕನೆಯ ದಿನ ಸುಮ್ಮನೆ ಅಳು ಬರುವುದು ಅನೇಕರಿಗೆ ಸಹಜ; ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಅದಕ್ಕೂ ಮೀರಿ ದುಃಖ ಉಳಿದರೆ, ಕೂಸು ಬೇಡವೆನಿಸಿದರೆ, ಮಲಗಲು ಬಿಟ್ಟರೂ ನಿದ್ರೆ ಬಾರದಿದ್ದರೆ ಅದು ಕಾಯಿಲೆ, ಔಷಧವಿರುವ ಕಾಯಿಲೆ. ಇನ್ನೂ ಕಠಿಣವಾದದ್ದನ್ನು ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದರು. ಒಂದೆರಡು ರಾತ್ರಿ ನಿದ್ರೆಯೇ ಇಲ್ಲದಿದ್ದರೂ ದಣಿವಿಲ್ಲದಂತೆ ಓಡಾಡುವುದು, ಸಂಬಂಧವಿಲ್ಲದ ಮಾತು, ಯಾರೋ ಕೂಸನ್ನು ಒಯ್ಯುತ್ತಾರೆಂಬ ಭಯ, ಇವು ಅದರ ಗುರುತು. ಗಾಳಿ ಸೋಕಿತೆಂದು ಮಂತ್ರವಾದಿಯ ಹತ್ತಿರ ಹೋಗಿ ದಿನ ಕಳೆಯಬೇಡಿರಿ, ಕೂಸಿನೊಡನೆ ಅವಳನ್ನು ಒಂಟಿಯಾಗಿ ಬಿಡಬೇಡಿರಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಮಾಡುವ ವಿಭಾಗವಿದೆ. ಯಾರನ್ನು ಕೇಳುವುದೆಂದು ತೋಚದಿದ್ದರೆ ೨೦೨೨ರಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿಗೆ, ೧೪೪೧೬ಕ್ಕೆ, ಫೋನು ಮಾಡಿರಿ. ಕನ್ನಡದಲ್ಲೇ ಮಾತನಾಡಬಹುದು, ಹಣ ಬೇಕಿಲ್ಲ, ನಡುರಾತ್ರಿಯಲ್ಲೂ ಉತ್ತರ ಸಿಗುತ್ತದೆ.

ಮುಂದಿನ ಸಂಘದ ಸಭೆಯಲ್ಲಿ ನಿಮ್ಮ ಊರಿನಲ್ಲಿ ಈ ಎರಡು ತಿಂಗಳೊಳಗೆ ಹೆರಿಗೆಯಾಗುವವರ ಪಟ್ಟಿ ಮಾಡಿರಿ. ಎರಡನೆಯ ಮೂರನೆಯ ಬಾಣಂತನದವರ ಹೆಸರನ್ನು ಮೇಲೆ ಬರೆಯಿರಿ. ಯಾರ ಮನೆಗೆ ಬೆಳಗಿನ ನಾಲ್ಕು ಗಂಟೆಗೆ ಯಾರು ಹೋಗುತ್ತೀರಿ, ಯಾರ ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುತ್ತೀರಿ ಎಂಬುದನ್ನು ಅಲ್ಲಿಯೇ ಗೊತ್ತುಮಾಡಿಕೊಂಡು ಏಳಿರಿ.