ಕತ್ತರಿ ಹಿಡಿದ ಕೈ



*ಇಂದಿನ ಧಮ್ಮ ಚಿಂತನೆ*

ನಮ್ಮ ಬಳಗದ ಅಕ್ಕ ಒಬ್ಬರು ಕೌದಿ ಹೊಲಿಯುತ್ತಾರೆ. ಹಳೆಯ ಸ್ವೆಟರ್ ಬಿಚ್ಚಿ, ಅದೇ ಉಲ್ಲನ್ ದಾರದಿಂದ ಚೌಕಗಳನ್ನು ಹೆಣೆದು ಸೀರೆ ತುಂಡುಗಳ ನಡುವೆ ಕೂಡಿಸುತ್ತಾರೆ. ಹೆಣೆದ ಚೌಕ ಎಳೆದರೆ ಹಿಗ್ಗುತ್ತದಲ್ಲ, ಅದಕ್ಕೆ ಹಿಂದೆ ಅಸ್ತರ್ ಕೊಡುತ್ತಾರೆ. ಸುತ್ತಲೂ ಕ್ರೋಶಾ ಅಂಚು. ಉಪಾದಾನದ ಪಾಠ ಮುಗಿದ ದಿನ ಅವರು ಕೇಳಿದರು: "ಸರ್, ತೀರಿಹೋದ ನಮ್ಮವ್ವನ ಸೀರಿ ಟ್ರಂಕಿನ್ಯಾಗ ಐತಿ. ಕೌದಿಗೆ ಹಾಕೂಣಂತ ತಗೀತೀನಿ, ಖರೆ ಕತ್ತರಿ ಹಚ್ಚಾಕ ಕೈ ಬರವಲ್ದು. ಇದಕ್ಕೂ ಉಪಾದಾನ ಅಂತಾರೇನ್ರಿ?"

ಉತ್ತರ ಅವರ ಕೆಲಸದಲ್ಲೇ ಅರ್ಧ ಇದೆ. ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಒಂದು ಜಾರಿದರೆ ಕೆಳಗಿನವರೆಗೂ ಏಣಿಯಂತೆ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ತೆರೆದಿರುವುದು ಒಂದೇ ಕುಣಿಕೆ. ಎರಡರಲ್ಲೂ ತಪ್ಪಿದರೆ ತುದಿ ಹಿಡಿದು ಎಳೆದರಾಯಿತು, ದಾರ ದಾರವಾಗಿಯೇ ಮರಳಿ ಬರುತ್ತದೆ. ಬಟ್ಟೆ ಹಾಗೆ ಮರಳುವುದಿಲ್ಲ. ಕತ್ತರಿಸಿದ ಸೀರೆ ಮತ್ತೆ ಸೀರೆಯಾಗದು. ಸ್ವೆಟರ್ ಬಿಚ್ಚುವಾಗ ತಡೆಯದ ಕೈ ಸೀರೆಯ ಮುಂದೆ ತಡೆಯುವುದು ಇದಕ್ಕೇ.

ಈಗ ವಿನಯಪಿಟಕಕ್ಕೆ ಬರೋಣ. ಮಹಾವಗ್ಗದಲ್ಲಿ ಚೀವರದ ಅಧ್ಯಾಯವಿದೆ. ರಾಜಗೃಹದಿಂದ ದಕ್ಖಿಣಾಗಿರಿಗೆ ಹೋಗುವ ದಾರಿಯಲ್ಲಿ ಬುದ್ಧರು ಮಗಧದ ಗದ್ದೆಗಳನ್ನು ನೋಡುತ್ತಾರೆ. ಉದ್ದ ಬದು, ಅಡ್ಡ ಬದು, ಅವು ಕೂಡುವ ಮೂಲೆಗಳು. ಭಿಕ್ಷುಗಳಿಗೆ ಇಂಥ ಚೀವರ ಮಾಡಬಲ್ಲೆಯಾ ಎಂದು ಆನಂದರನ್ನು ಕೇಳುತ್ತಾರೆ. ಆನಂದರು ಹೊಲಿದು ತೋರಿಸಿದರು. ಬುದ್ಧರು ಮೆಚ್ಚಿ, ಚೀವರ ಕತ್ತರಿಸಿ ಕೂಡಿಸಿದ್ದೇ ಆಗಿರಬೇಕೆಂದು ನಿಯಮ ಮಾಡಿದರು. ಬಟ್ಟೆ ಹೊಸದಾಗಿದ್ದರೂ ಸರಿ, ಕತ್ತರಿಸಬೇಕು! ಕಾರಣವನ್ನೂ ಅಲ್ಲೇ ಹೇಳಿದೆ: ಕತ್ತರಿಸಿದ ಬಟ್ಟೆ ಶ್ರಮಣರಿಗೆ ತಕ್ಕದ್ದು, ಅದಕ್ಕೆ ಯಾರೂ ಆಸೆಪಡುವುದಿಲ್ಲ.

ನನಗೆ ಕಾಣುವುದು ಇಷ್ಟು. ಅವ್ವನ ನೆನಪಿಗೆ ಉಪಾದಾನ ಎಂಬ ಹೆಸರು ಹಚ್ಚುವುದು ಕ್ರೂರ, ಪಾಠವನ್ನು ತಪ್ಪಾಗಿ ಓದಿದಂತೆ ಕೂಡ. ಸೀರೆ ಎಂದೆಂದಿಗೂ ಹೀಗೇ ಇರಬೇಕು ಎಂಬ ಬಿಗಿ ಹಿಡಿತದಲ್ಲಿ ಉಪಾದಾನವಿದೆ. "ನೋಡಿ, ನಾನು ಬಿಟ್ಟೆ" ಎಂದು ತೋರಿಸಲು ಅವಸರದಲ್ಲಿ ಕತ್ತರಿಸಿದರೆ ಅಲ್ಲಿಯೂ ಇದೆ. ಆದ್ದರಿಂದ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು, ಕೈ ತಡೆದಾಗ ಮನಸ್ಸಿನಲ್ಲಿ ಏನೇನು ಏಳುತ್ತದೆ ನೋಡುತ್ತ ಕೂರುವುದು ಮೊದಲ ಕೆಲಸ. ಅದಕ್ಕೆ ಒಂದು ವರ್ಷ ಹಿಡಿದರೆ ಹಿಡಿಯಲಿ. ಕೌದಿಗೆ ಅವಸರವಿಲ್ಲ.

ಬಟ್ಟೆಯ ಮುಂದಿನ ದಾರಿ ಚುಲ್ಲವಗ್ಗದಲ್ಲಿದೆ. ಕೌಶಾಂಬಿಯ ಉದೇನ ರಾಜನ ಅಂತಃಪುರದ ಸ್ತ್ರೀಯರು ಆನಂದರಿಗೆ 500 ಮೇಲ್ವಸ್ತ್ರ ಕೊಟ್ಟರು. ರಾಜನಿಗೆ ಸಿಟ್ಟು ಬಂತು. ಇಷ್ಟು ಬಟ್ಟೆ ಇಟ್ಟುಕೊಂಡು ಶ್ರಮಣರು ಅಂಗಡಿ ತೆರೆಯುತ್ತಾರೋ? ಆನಂದರನ್ನೇ ಹೋಗಿ ಕೇಳಿದ. ಚೀವರ ಸವೆದ ಭಿಕ್ಷುಗಳಿಗೆ ಹಂಚುತ್ತೇವೆ ಎಂದರು. ಸವೆದದ್ದನ್ನು? ಹಾಸಿಗೆಯ ಮೇಲೆ ಹಾಸುತ್ತೇವೆ. ಆ ಹಳೆಯ ಹಾಸನ್ನು? ಹಾಸಿಗೆಯ ಗವಸು. ಆಮೇಲೆ ನೆಲಹಾಸು, ಕಾಲೊರಸು, ಧೂಳು ಒರೆಸುವ ಬಟ್ಟೆ. ಕಡೆಗೆ ಅದನ್ನೂ ಜಜ್ಜಿ, ಕೆಸರಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ.

ರಾಜ ಇನ್ನೂ 500 ಬಟ್ಟೆ ಕೊಟ್ಟ.

ಈ ಎರಡೂ ಭಾಗಗಳನ್ನು ಭಾನುವಾರದ ಕೂಟಕ್ಕೆ ಓದಿಕೊಂಡು ಬನ್ನಿ. 🙏